ಅತ್ತೆಬತ್ತದ ಮೈಮೇಲಿನ ಚುಕ್ಕೆ

ಸತ್ತೇಗಾಲದ ನಾಲೆಯ ಕೆಳಗೆ ಚನ್ನಾಜಮ್ಮನಿಗಿದ್ದದ್ದು ಇಪ್ಪತ್ತೇ ಗುಂಟೆ ಗದ್ದೆ. ಅದರಲ್ಲಿ ನಿಂತಿದ್ದ ಭತ್ತವನ್ನು ಗುರುವಾರ ಬೆಳಿಗ್ಗೆಯೊಳಗೆ ಉತ್ತು ಮಣ್ಣಿಗೆ ಸೇರಿಸಬೇಕು ಎಂದು ಹೇಳಲು ರಂಗರಾಜು ಸೋಮವಾರ ಬಂದಾಗ, ಆಕೆ ಬದುವಿನ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು.

ರಂಗರಾಜು ಯಳಂದೂರಿನವನು. ಹೊರಗಿನ ಒಂದು ಬೀಜದ ಕಂಪನಿಗೆ ಇಲ್ಲಿನ ರೈತರಿಂದ ಬಿತ್ತನೆ ಭತ್ತ ಬೆಳೆಸಿಕೊಡುವ ಆರ್ಗನೈಸರ್. ಬೈಕಿನಲ್ಲಿ ಬರುವಾಗ ಅವನಿಗಿಂತ ಒಂದು ಗಳಿಗೆ ಮುಂಚೆ ಅವನ ಹೊಟ್ಟೆ ಊರು ಸೇರುತ್ತಿತ್ತು. ಆರ್ಗನೈಸರ್ ಎನ್ನುವುದು ಚನ್ನಾಜಮ್ಮನ ಬಾಯಲ್ಲಿ ಮೊದಲ ದಿನವೇ ಅರೆಗಣೇಶ ಆಗಿತ್ತು. ಪೂರಾ ಗಣೇಶ ಯಾಕಲ್ಲ ಎಂದು ಯಾರೋ ಕೇಳಿದ್ದಕ್ಕೆ, ಹೊಟ್ಟೆ ಬಂದಿದೆ, ಬುದ್ಧಿ ಇನ್ನೂ ದಾರಿಯಲ್ಲಿದೆ ಎಂದಿದ್ದಳು. ಈಗ ಊರಿನ ಮಕ್ಕಳೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದವು. ಗೊತ್ತಿಲ್ಲದವನು ಅವನೊಬ್ಬನೇ.

ಅವನು ನಿಂತುಕೊಂಡೇ ಪಾಠ ಒಪ್ಪಿಸಿದ. ಸುತ್ತಲಿನ ಕಂಪನಿ ಭತ್ತಕ್ಕೆಲ್ಲ ದುಂಡಾಣು ಅಂಗಮಾರಿ ಬಿದ್ದಿದೆ. ಗರಿಗಳು ತುದಿಯಿಂದ ಹಿಡಿದು ಅಂಚಿನುದ್ದಕ್ಕೂ ಹಳದಿ ತಿರುಗಿ ಒಣಹುಲ್ಲಾಗುತ್ತಿವೆ. ಶುಕ್ರವಾರ ಬೀಜ ತಪಾಸಣೆಯವರು ಬರುತ್ತಾರೆ. ರೋಗದ ತವರುಮನೆ ಕಣ್ಣೆದುರೇ ನಿಂತಿದ್ದರೆ ಇಡೀ ನಲವತ್ತು ಎಕರೆಯನ್ನೂ ತಳ್ಳಿಹಾಕುತ್ತಾರೆ. ಆ ತವರುಮನೆ ಯಾವುದು ಎಂದು ಬೇರೆ ಹೇಳಬೇಕೆ? ಔಷಧಿ ಕಾಣದ ಅಜ್ಜಿಕಾಲದ ಬೀಜ, ಮೈತುಂಬ ಕಂದು ಚುಕ್ಕೆ.

"ಆಕ್ಚುಲಿ ಅಮ್ಮ, ನಿಮ್ಮೊಬ್ಬರಿಂದ ಎಲ್ಲರಿಗೂ ತೊಂದರೆ ಆಗ್ತಿದೆ" ಎಂದು ಮುಗಿಸಿದ.

"ಆಕ್ಚುಲಿ" ಎಂದಳು ಚನ್ನಾಜಮ್ಮ, ಅವನದೇ ಗಂಟಲಿನಲ್ಲಿ, ಪದದ ಬಾಲಕ್ಕೆ ಅವನು ಮೂಗಿನಿಂದ ಕೊಡುವ ಸಣ್ಣ ಎಳೆತವನ್ನೂ ಬಿಡದೆ, "ಉಳಾಕೆ ಬುಡಾಕಿಲ್ಲ ಕಣಪ್ಪ."

ಅವನ ಬೆನ್ನಿಗೆ ನಿಂತಿದ್ದ ಪರಮೇಶ ನಗು ತಡೆಯಲಾರದೆ ನಾಲೆಯ ಕಡೆಗೆ ಮುಖ ತಿರುಗಿಸಿದ. ಪರಮೇಶ ಆಕೆಯ ಮೈದುನನ ಮಗ. ಪಕ್ಕದ ಎರಡು ಎಕರೆಯನ್ನು ಕಂಪನಿ ಭತ್ತಕ್ಕೆ ಕೊಟ್ಟವನು. ಊರಿನಲ್ಲಿ ಕೆಸರುಗದ್ದೆಗಿಳಿಯುವ ಕಬ್ಬಿಣದ ಗಾಲಿಯ ಕೇಜ್‌ವೀಲ್ ಟ್ರ್ಯಾಕ್ಟರ್ ಇದ್ದವನೂ ಅವನೇ. ದೊಡ್ಡವ್ವನ ಅಣಕಕ್ಕೆ ಚಿಕ್ಕಂದಿನಿಂದ ಬಿದ್ದು ಬಿದ್ದು ನಕ್ಕವನು ಇವತ್ತು ಬೇಗ ಮುಖ ಗಂಟು ಹಾಕಿಕೊಂಡ. ಆಟ ಆಡಬೇಡ, ಗುರುವಾರ ಟ್ರ್ಯಾಕ್ಟರ್ ತರುವವನು ನಾನೇ ಎಂದ.

"ತತ್ತಾ. ನಾನೂ ಇಲ್ಲೇ ನಿಂತಿರ್ತೀನಿ. ಮೊದ್ಲು ನನ್ ಮ್ಯಾಲೆ ಒಂದು ಸಾಲು ಒಡ್ದು ಆಮ್ಯಾಲೆ ಬತ್ತಕ್ಕೆ ಇಳಿ" ಎಂದಳು ಚನ್ನಾಜಮ್ಮ.

ಇಬ್ಬರೂ ಹೋದ ಮೇಲೆ ಆಕೆ ಗದ್ದೆಗಿಳಿದು ಒಂದು ಗರಿಯನ್ನು ಕೈಗೆಳೆದುಕೊಂಡಳು. ಆ ಭತ್ತಕ್ಕೆ ಊರು ಇಟ್ಟ ಹೆಸರು ಅತ್ತೆಬತ್ತ. ಆಕೆಯ ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದ ಬೀಜ. ಅತ್ತೆ ಹೋಗಿ ಇಪ್ಪತ್ತೆರಡು ವರ್ಷವಾದರೂ ಭತ್ತ ಹೋಗಿರಲಿಲ್ಲ. ಈ ವರ್ಷದ ಬೆಳೆಯಿಂದ ಮುಂದಿನ ವರ್ಷದ ಬೀಜ. ಹೋದ ವರ್ಷದ್ದು ಕಾಳು ತುಂಬಿಡುವ ವಾಡೆಯಲ್ಲಿ ಉಳಿದಿದ್ದಿಷ್ಟು ಮುಗ್ಗಿ ಹುಳ ತಿಂದು ಹೋಗಿತ್ತು. ಈ ಇಪ್ಪತ್ತು ಗುಂಟೆ ಮಣ್ಣಾದರೆ ಅತ್ತೆಬತ್ತ ಎನ್ನುವುದು ಇನ್ನು ಎಲ್ಲಿಯೂ ಇರುವುದಿಲ್ಲ. ಆದರೆ ಗರಿಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳಿದ್ದದ್ದು ಸುಳ್ಳಲ್ಲವಲ್ಲ. ರಂಗರಾಜುವಿನ ಎದುರು ಎಷ್ಟೇ ಧೈರ್ಯ ತೋರಿದರೂ, ಅವನ ಮಾತೇ ನಿಜವಾಗಿದ್ದರೆ ಎಂಬ ಅನುಮಾನ ಆಕೆಯನ್ನು ಬಿಟ್ಟಿರಲಿಲ್ಲ.

ಮಾರನೆಯ ದಿನ ಮಂಗಳವಾರ, ಭವ್ಯ ಬರುವ ದಿನ. ಭವ್ಯ ಮಧುವನಹಳ್ಳಿಯ ಹುಡುಗಿ. ಓದು ಮುಗಿಸಿ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಭತ್ತದ ರೋಗಗಳ ಕೆಲಸಕ್ಕೆ ಸೇರಿದ್ದಳು. ಮೂರು ವಾರದಿಂದ ಸ್ಕೂಟರಿನಲ್ಲಿ ಬಂದು, ಅತ್ತೆಬತ್ತದ ಗರಿ ಕತ್ತರಿಸಿ, ಕಣ್ಣು ಮಿಟುಕಿಸುವುದರೊಳಗೆ ಅದನ್ನು ಹೊಗೆಯಾಡುವ ಫ್ಲಾಸ್ಕಿಗೆ ಹಾಕಿಕೊಂಡು ಹೋಗುತ್ತಿದ್ದಳು. ಫ್ಲಾಸ್ಕಿನಲ್ಲಿದ್ದದ್ದು ಬಿಸಿಯ ಹೊಗೆಯಲ್ಲ, ಕೈ ಇಟ್ಟರೆ ಕೈಯೇ ಕಲ್ಲಾಗುವಷ್ಟು ತಣ್ಣಗಿನ ದ್ರವ. ಅಷ್ಟು ಆತುರ ಯಾಕೆ ಎಂದರೆ, ಗರಿಗೆ ಕತ್ತರಿ ತಾಗಿದ ಕೂಡಲೇ ಗಿಡ ಗಾಯವಾಯಿತೆಂದು ಬೇರೆ ಯೋಚನೆಗೆ ತೊಡಗುತ್ತದಂತೆ. ಅದು ಈ ಕ್ಷಣ ಏನು ಯೋಚಿಸುತ್ತಿದೆಯೋ ಅದನ್ನು ಹಾಗೇ ಹಿಡಿಯಬೇಕು.

ಏನು ನೋಡುತ್ತೀಯವ್ವ ಅದರಲ್ಲಿ ಎಂದು ಚನ್ನಾಜಮ್ಮ ಮೊದಲ ವಾರವೇ ಕೇಳಿದ್ದಳು. ಜೀನು ಎಂದಿದ್ದಳು ಭವ್ಯ. ಜೀನು ಕುದುರೆಗೆ ಹಾಕುವುದಲ್ಲವೇ ಎಂದು ಅಜ್ಜಿ ಕೇಳಿದಾಗ ಹುಡುಗಿ ನಕ್ಕು, ಹಾಗೇ ಅಂದುಕೊಳ್ಳಿ, ಜೀನಿನ ಮೇಲೆ ಯಾರು ಕೂರುತ್ತಾರೋ ಕುದುರೆ ಅವರ ಮಾತು ಕೇಳುತ್ತದೆ ಎಂದಿದ್ದಳು. ಆಗ ಅದು ತಮಾಷೆಯಾಗಿತ್ತು. ಇವತ್ತು ಚನ್ನಾಜಮ್ಮ ಅವಳ ಕೈಹಿಡಿದು ಬದುವಿನ ಮೇಲೆ ಕೂರಿಸಿ, ತಮಾಷೆ ಬಿಟ್ಟು ಬಿಡಿಸಿ ಹೇಳು, ಇದು ಕಾಯಿಲೆಯೋ ಅಲ್ಲವೋ ಎಂದು ಕೇಳಿದಳು.

ಭವ್ಯ ಬಿಡಿಸಿ ಹೇಳಿದಳು. ಗಿಡದ ಒಂದೊಂದು ಜೀವಕಣದಲ್ಲೂ ಜೀನು ಎನ್ನುವ ಸಾವಿರಾರು ಅಪ್ಪಣೆಗಳು ಬರೆದಿಟ್ಟಿರುತ್ತವೆ. ಎಲ್ಲವನ್ನೂ ಗಿಡ ಒಟ್ಟಿಗೆ ಓದುವುದಿಲ್ಲ. ಬೆಳೆಯುವ ಕಾಲಕ್ಕೆ ಬೆಳೆಯುವ ಅಪ್ಪಣೆ, ತೆನೆಯ ಕಾಲಕ್ಕೆ ತೆನೆಯದು. ದುಂಡಾಣು ಒಳಗೆ ಬಂದದ್ದು ತಿಳಿದರೆ ಬೆಳೆಯುವುದನ್ನು ಅಷ್ಟಕ್ಕೇ ನಿಲ್ಲಿಸಿ, ಗೋಡೆ ದಪ್ಪ ಮಾಡು, ವಿಷ ಕಾಸು ಎನ್ನುವ ನೂರಾರು ಅಪ್ಪಣೆಗಳನ್ನು ಒಮ್ಮೆಲೇ ತೆರೆಯುತ್ತದೆ. ಆದರೆ ಈ ಅಂಗಮಾರಿಯ ದುಂಡಾಣು ಮಹಾ ಕಿಲಾಡಿ. ಅದು ಹೊಡೆದಾಡುವುದಿಲ್ಲ. ಗಿಡದ ಒಡೆಯನ ದನಿಯಲ್ಲೇ ಮಾತಾಡಿ, ಸಕ್ಕರೆ ಹೊರಗಿಡು ಎಂಬ ಅಪ್ಪಣೆಯನ್ನು ಓದಿಸುತ್ತದೆ. ಗಿಡ ತನ್ನವರೇ ಕೇಳುತ್ತಿದ್ದಾರೆಂದು ನಂಬಿ ಸಕ್ಕರೆ ಸುರಿಯುತ್ತದೆ. ದುಂಡಾಣು ತಿಂದು ಲಕ್ಷ ಲಕ್ಷವಾಗುತ್ತದೆ.

ಚನ್ನಾಜಮ್ಮ ಬಾಯಲ್ಲಿದ್ದ ಎಲೆಯನ್ನು ಪಕ್ಕಕ್ಕೆ ಉಗಿದಳು. "ಇದ್ನ ನಾನೇ ಮಾಡಿವ್ನಿ ಕಣವ್ವ" ಎಂದಳು.

ಆಕೆ ಹೊಸ ಸೊಸೆಯಾಗಿದ್ದಾಗಿನ ಮಾತು. ಚೊಚ್ಚಲ ಬಸುರಿ, ಹಗಲೂ ರಾತ್ರಿ ಬೆಲ್ಲದ ಬಯಕೆ. ಉಗ್ರಾಣದ ಬೀಗದ ಕೈ ನಾದಿನಿಯ ಸೊಂಟದಲ್ಲಿ. ಅತ್ತೆ ಹೇಳದೆ ಅವಳು ಬಾಗಿಲು ತೆಗೆಯುವವಳಲ್ಲ. ಚನ್ನಾಜಮ್ಮ ಹಿತ್ತಲ ಗೋಡೆಯ ಆಚೆ ನಿಂತು, ಅತ್ತೆಯ ಒಡಕು ದನಿಯಲ್ಲಿ, ಮಧ್ಯೆ ಅತ್ತೆ ಕೆಮ್ಮುವ ಹಾಗೆ ಎರಡು ಸಲ ಕೆಮ್ಮಿ, ಮೇಲಿನ ಗಡಿಗೆ ಇಳಿಸಿ ನಡುಮನೆಯಲ್ಲಿ ಮಡಗು ಎಂದು ಕೂಗಿದಳು. ನಾದಿನಿ ಮರುಮಾತಿಲ್ಲದೆ ಇಳಿಸಿಟ್ಟಳು. ಹೀಗೆ ಮೂರು ಸಲ ಬೆಲ್ಲ ನಡುಮನೆಗೆ ಬಂತು, ಅಲ್ಲಿಂದ ಬಸುರಿಯ ಹೊಟ್ಟೆಗೆ ಹೋಯಿತು. ಅತ್ತೆಗೆ ಗೊತ್ತಾಯಿತು. ಬೈಯಲಿಲ್ಲ, ಹೊಡೆಯಲಿಲ್ಲ. ಬೆಲ್ಲದ ಗಡಿಗೆಯ ಜಾಗದಲ್ಲಿ ಮುಚ್ಚಳ ಸಡಿಲಿಸಿದ ಖಾರದಪುಡಿ ಗಡಿಗೆ ಇಟ್ಟು ಸುಮ್ಮನಾದಳು. ನಾಲ್ಕನೇ ಸಲ ದನಿ ಕೇಳಿ ನಾದಿನಿ ಗಡಿಗೆಗೆ ಕೈ ಹಾಕಿದ್ದೇ ತಡ, ಪುಡಿ ತಲೆಯ ಮೇಲೆ. ಹಿತ್ತಲಿನಿಂದ ಓಡಿಬಂದ ಕಳ್ಳಿಯ ಕಣ್ಣಿಗೂ ಮೂಗಿಗೂ ಅದೇ ಪುಡಿ. ಮೂರು ದಿನ ಆ ಮೂಲೆಗೆ ಯಾರೂ ಕಾಲಿಡಲಾಗಲಿಲ್ಲ. ಬೆಲ್ಲ ಮಾತ್ರ ಭದ್ರವಾಗಿತ್ತು.

ಭವ್ಯ ನಗುತ್ತಾ ನಗುತ್ತಾ ಇದ್ದಕ್ಕಿದ್ದ ಹಾಗೆ ನಗು ನಿಲ್ಲಿಸಿದಳು. ಕೈಯಲ್ಲಿದ್ದ ಗರಿಯನ್ನು ಆಕೆಯ ಮುಂದೆ ಹಿಡಿದು ಚುಕ್ಕೆ ತೋರಿಸಿದಳು.

"ಅಜ್ಜಿ, ನಿಮ್ಮತ್ತೆ ಮಾಡಿದ್ದನ್ನೇ ಈ ಭತ್ತನೂ ಮಾಡ್ತಿದೆ ಅನ್ಸುತ್ತೆ. ದುಂಡಾಣು ಬಂದು ಕೂಗಿದ್ರೆ ಇದ್ರಲ್ಲಿ ಸಕ್ಕರೆ ಬದಲು ಬೇರೆ ಅಪ್ಪಣೆ ತೆಗೆಯುತ್ತೆ. ಆ ಕಣ ತನ್ನನ್ನೇ ಸುಟ್ಕೊಂಡು ಸಾಯುತ್ತೆ, ಕಳ್ಳನೂ ಅಲ್ಲೇ ಸಾಯ್ತಾನೆ. ಈ ಚುಕ್ಕೆ ಒಂದೊಂದೂ ಅಂಥ ಮೂಲೆ."

ಹಾಗಾದರೆ ನಾಡಿದ್ದು ಬಂದು ಇದನ್ನೇ ಎಲ್ಲರೆದುರು ಹೇಳು ಎಂದಳು ಚನ್ನಾಜಮ್ಮ. ಹುಡುಗಿಯ ಮುಖ ಸಪ್ಪಗಾಯಿತು. ಅಲ್ಲೇ ಬದುವಿನ ಮೇಲೆ ನಿಂತು ತನ್ನ ಸಾಹೇಬರಾದ ಶಿವಕುಮಾರಸ್ವಾಮಿಯವರಿಗೆ ಫೋನು ಮಾಡಿದಳು. ಅವರು ಒಳ್ಳೆಯವರೇ, ಆದರೆ ಬಲು ಎಚ್ಚರದವರು. ಇನ್ನೂ ಲೆಕ್ಕಾಚಾರ ಮುಗಿದಿಲ್ಲ, ಪೇಪರ್ ಆಗಿ ಅಚ್ಚಾಗಿಲ್ಲ, ಊರಿನ ಜಗಳದಲ್ಲಿ ನಾವು ಬಾಯಿ ಹಾಕಬಾರದು ಎಂದರು. ಪೇಪರ್ ಆಗುವುದು ಯಾವಾಗ ಎಂದು ಚನ್ನಾಜಮ್ಮ ವಿಚಾರಿಸಿದಳು. ಒಂದು ವರ್ಷ ಆಗಬಹುದು ಎಂದಳು ಭವ್ಯ.

"ಅಷ್ಟೊತ್ಗೆ ನನ್ ಬತ್ತ ಗೊಬ್ರ ಆಗಿರ್ತದೆ. ಇರ್ಲಿ ಬುಡು. ಬತ್ಯೆ ತಿನ್ನೋರ್ಗೆ ಬತ್ತದ್ ಅವಸ್ರ ಎಂಗ್ ಗೊತ್ತಾದದು" ಎಂದಳು.

ಭವ್ಯಳಿಗೆ ಅದು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಫೋನನ್ನು ಚೀಲಕ್ಕೆ ಹಾಕಿ, ನಾನು ಬರಲಾಗದಿದ್ದರೂ ನೀವೇ ನೋಡಿಕೊಳ್ಳಬಹುದಾದ ಒಂದು ಪರೀಕ್ಷೆ ಇದೆ, ಯಾರ ಅಪ್ಪಣೆಯೂ ಬೇಡ ಎಂದಳು. ಗಾಜಿನ ಲೋಟದಲ್ಲಿ ತಿಳಿನೀರು. ಹಳದಿಯೂ ಹಸಿರೂ ಸೇರುವ ಜಾಗದಲ್ಲಿ ಗರಿಯನ್ನು ಕತ್ತರಿಸಿ, ಕತ್ತರಿಸಿದ ಬಾಯಿಯನ್ನು ನೀರಿಗೆ ತಾಗಿಸಿ ಬೆಳಕಿಗೆ ಹಿಡಿಯಬೇಕು. ದುಂಡಾಣು ತುಂಬಿದ್ದರೆ ಐದು ನಿಮಿಷದಲ್ಲಿ ಹಾಲಿನ ದಾರದ ಹಾಗೆ ಇಳಿಯುತ್ತದೆ. ನೀರು ಮಾತ್ರ ಅಲುಗಬಾರದು.

ಹೊರಡುವಾಗ ಅವಳು ಮಾತಿಗೆ ಮಾತು ಬಂದು ಇನ್ನೊಂದು ಹೇಳಿದಳು. ಪ್ರಯೋಗಾಲಯದಲ್ಲಿ ಅವರು ಬೇಕೆಂದೇ ಭತ್ತಕ್ಕೆ ಈ ರೋಗ ಬರಿಸುತ್ತಾರಂತೆ. ಕತ್ತರಿಯನ್ನು ದುಂಡಾಣುವಿನ ನೀರಿನಲ್ಲಿ ಅದ್ದಿ ಗರಿಯ ತುದಿ ಕತ್ತರಿಸುವುದು. ಅದಕ್ಕಿಂತ ಖಾತ್ರಿಯಾದ ದಾರಿ ಇನ್ನೊಂದಿಲ್ಲ.

ಚನ್ನಾಜಮ್ಮನ ಕಿವಿಯಲ್ಲಿ ಉಳಿದದ್ದು ಆ ಕತ್ತರಿಯ ಮಾತೊಂದೇ. ಸ್ಕೂಟರು ನಾಲೆಯ ಸೇತುವೆ ದಾಟಿದ್ದೂ ಆಕೆಗೆ ತಿಳಿಯಲಿಲ್ಲ. ನಾಲೆಗೆ ನೀರು ತಡವಾಗಿ ಬಿಟ್ಟು ಪೈರು ಸಸಿ ಬೆಳೆಸುವ ಒಟ್ಲಿನಲ್ಲೇ ಮಂಡಿಯುದ್ದ ಬೆಳೆದ ವರ್ಷಗಳಲ್ಲಿ, ಕಿತ್ತ ಪೈರಿನ ಕಟ್ಟುಗಳ ತುದಿಯನ್ನು ಕುಡುಗೋಲಿನಿಂದ ಒಂದೇ ಏಟಿಗೆ ಸವರಿ ನಾಟಿ ಮಾಡುವುದು ಅತ್ತೆಯ ಪದ್ಧತಿ. ಗಾಳಿಗೆ ಪೈರು ಒರಗುವುದಿಲ್ಲ, ಬೇಗ ಬೇರು ಹಿಡಿಯುತ್ತದೆ ಎನ್ನುತ್ತಿದ್ದಳು. ಈ ವರ್ಷವೂ ನೀರು ತಡ. ನಾಟಿಯ ಹೆಂಗಸರ ಮೇಸ್ತ್ರಿ ಕುಸುಮಳಿಗೆ ಆ ಪದ್ಧತಿಯನ್ನು ಹೇಳಿಕೊಟ್ಟವಳು ಚನ್ನಾಜಮ್ಮ. ತನ್ನ ಕುಡುಗೋಲನ್ನೇ ಕೈಗೆ ಕೊಟ್ಟು, ಪರಮೇಶನ ಪೈರಿಗೂ ಹೀಗೇ ಸವರು ಎಂದು ದೊಡ್ಡಸ್ತಿಕೆಯಿಂದ ಹೇಳಿ ಕಳಿಸಿದವಳೂ ತಾನೇ.

ಇದನ್ನು ಬಾಯಿಬಿಟ್ಟರೆ ರಂಗರಾಜುವಿಗೆ ಹಬ್ಬ. ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬುಧವಾರ ಇಡೀ ದಿನ ಆಕೆ ಯಾರ ದನಿಯನ್ನೂ ಅಣಕಿಸಲಿಲ್ಲ. ಹುಷಾರಿಲ್ಲವೇ ಎಂದು ಅಕ್ಕಪಕ್ಕದವರು ಕೇಳಿದರು.

ಗುರುವಾರ ಬಿಸಿಲೇರುವ ಮುಂಚೆ, ಬಸ್‌ಸ್ಟಾಪಿನ ಹೋಟೆಲಿನಿಂದ ನಾಲ್ಕು ಟೀ ಗ್ಲಾಸು ಕೇಳಿ ತೊಳೆದು ತಂದಳು. ನೀರಿನ ಘಟಕದಲ್ಲಿ ಕಾಸು ಹಾಕಿ ಒಂದು ಕ್ಯಾನು ತಿಳಿನೀರು ಹಿಡಿದಳು. ಗದ್ದೆಗೆ ಇಳಿಯುವ ಒಂದೇ ದಾರಿಯ ನಡುವೆ ಹೋಗಿ ನಿಂತಳು.

ಟ್ರ್ಯಾಕ್ಟರು ನಾಲೆಯ ಏರಿಯ ಮೇಲೆ ಗಡಗಡ ಎನ್ನುತ್ತಾ ಬಂತು. ಮೇಲೆ ಪರಮೇಶ, ಹಿಂದೆ ಬೈಕಿನಲ್ಲಿ ರಂಗರಾಜು, ಅವನ ಹಿಂದೆ ಕಂಪನಿ ಭತ್ತ ಹಾಕಿದ ಏಳೆಂಟು ಮಂದಿ. ಪಕ್ಕದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಕುಸುಮ ಮತ್ತವಳ ಹೆಂಗಸರು ಸೊಂಟ ನೇರ ಮಾಡಿ ನಿಂತರು. ಟ್ರ್ಯಾಕ್ಟರಿನ ಮೂತಿ ಚನ್ನಾಜಮ್ಮನಿಂದ ಎರಡು ಮಾರು ದೂರದಲ್ಲಿ ನಿಂತಿತು. ಇಂಜಿನ್ ಮಾತ್ರ ಓಡುತ್ತಲೇ ಇತ್ತು.

ಆಕೆ ಪರಮೇಶನ ಗದ್ದೆಯಿಂದ ಎರಡು ಗರಿ, ತನ್ನದರಿಂದ ಎರಡು ಗರಿ ಕತ್ತರಿಸಿ ತಂದು, ಲೋಟಗಳನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟು ನೀರು ತುಂಬಿದಳು. ನೀರೆಲ್ಲ ಗಡಗಡ ನಡುಗಿತು.

"ಇಂಜಿನ್ ಆಪ್ ಮಾಡ್ಲಾ. ನೀರು ಅಲ್ಲಾಡ್ತದೆ."

ಆಫ್ ಮಾಡಬೇಡ ಎಂದ ರಂಗರಾಜು. ಪರಮೇಶ ದೊಡ್ಡವ್ವನ ಮುಖ ನೋಡಿದ, ಲೋಟ ನೋಡಿದ. ಏನು ಮಾಡುತ್ತಾಳೋ ನೋಡಿಯೇಬಿಡೋಣ ಎಂಬ ಹಳೆಯ ಚಪಲ ಅವನ ಕೈಯನ್ನು ಕೀಲಿಗೆ ಕೊಂಡೊಯ್ಯಿತು. ಇಂಜಿನ್ ನಿಂತಿತು. ನಾಲೆಯ ನೀರು ಹರಿಯುವುದು ಕೇಳಿಸಿತು.

ಚನ್ನಾಜಮ್ಮ ಒಂದೊಂದು ಲೋಟದ ನೀರಿಗೆ ಒಂದೊಂದು ಗರಿಯ ಕತ್ತರಿಸಿದ ಬಾಯಿ ತಾಗಿಸಿ ನಿಲ್ಲಿಸಿ, ಐದು ನಿಮಿಷ ಕಾದಳು. ಆಮೇಲೆ ಪರಮೇಶನ ಗರಿಯ ಬಾಯಿಂದ ತೆಳ್ಳನೆಯ ಬೆಳ್ಳಗಿನ ಎಳೆಯೊಂದು ನೀರಿನೊಳಗೆ ಇಳಿಯತೊಡಗಿತು. ಹಸುಗೂಸು ಕಕ್ಕಿದ ಹಾಲಿನ ಹಾಗೆ ಸುಳಿದು ಸುಳಿದು ತಳ ಸೇರಿತು. ಎರಡನೆಯ ಲೋಟದಲ್ಲೂ ಅದೇ. ಅತ್ತೆಬತ್ತದ ಎರಡು ಲೋಟಗಳು ತುಂಬುವಾಗ ಹೇಗಿದ್ದವೋ ಹಾಗೇ ಇದ್ದವು. ಆ ಎಳೆ ಏನು ಎಂಬುದನ್ನು ಚನ್ನಾಜಮ್ಮ ಹೇಳಿದಳು. ಗುಂಪು ಟ್ರ್ಯಾಕ್ಟರಿನ ಸುತ್ತ ಒತ್ತಿಕೊಂಡು ಬಂತು.

ರಂಗರಾಜು ಲೋಟ ಕೊಳಕಾಗಿರಬೇಕೆಂದ. ಹಾಗಾದರೆ ನಿಮ್ಮ ಕೈಯಾರೆ ತೊಳೆದು ನೀವೇ ಗರಿ ಆರಿಸಿ ಎಂದಳು. ಅವನು ತೊಳೆದ, ಅತ್ತೆಬತ್ತದಲ್ಲಿ ಚುಕ್ಕೆ ಹೆಚ್ಚಿದ್ದ ಗರಿಯನ್ನೇ ಹುಡುಕಿ ತಂದು ಹಾಕಿದ. ನೀರು ತಿಳಿಯಾಗಿಯೇ ಉಳಿಯಿತು. ಆದರೂ ಅವನು ಸೋಲುವವನಲ್ಲ. ಇದು ಹಳೇ ಜಾತಿ, ರೋಗ ಹೊತ್ತುಕೊಂಡಿದ್ದರೂ ತೋರಿಸಿಕೊಳ್ಳುವುದಿಲ್ಲ, ತಾನು ಸಾಯದೆ ಪಕ್ಕದವರಿಗೆ ಹಂಚುತ್ತದೆ, ಇಲ್ಲದಿದ್ದರೆ ಇಷ್ಟೂ ಗದ್ದೆಗೆ ಒಂದೇ ಸಲ ಎಲ್ಲಿಂದ ಬಂತು ಎಂದು ಜನರ ಕಡೆ ತಿರುಗಿ ಕೇಳಿದ. ಜನ ಹೌದಲ್ಲವೇ ಎನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರಮೇಶನ ಕೈ ಮತ್ತೆ ಕೀಲಿಯ ಮೇಲೆ ಹೋಯಿತು.

ಈಗ ಸುಮ್ಮನಿದ್ದರೆ ಭತ್ತ ಹೋಗುತ್ತದೆ, ಮಾತಾಡಿದರೆ ತನ್ನ ಮಾನ. ಚನ್ನಾಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲ್ಲಿಂದ ಬಂತು ಅಂತ ನಾನ್ ಏಳ್ತೀನಿ. ಕುಡ್ಲಿಂದ ಬಂತು. ಪೈರಿನ ತುದಿ ಸವರ್ದೊ ನೋಡಿ, ಆ ಕುಡ್ಲಿಂದ. ಕುಡ್ಲು ನಂದು, ಅಂಗ್ ಸವ್ರಿ ಅಂತ ಕಲಿಸ್ಕೊಟ್ಟೋಳು ನಾನು. ಒಂದು ಗದ್ದೆ ಕಾಯ್ಲೆನ ಇನ್ನೊಂದು ಗದ್ದೆಗೆ ಅದೇ ಒತ್ಕಂಡೋಗಿದ್ದು."

ಪರಮೇಶ ಟ್ರ್ಯಾಕ್ಟರಿನಿಂದ ಇಳಿದೇ ಬಿಟ್ಟ. ಅವನ ಮುಖ ಕೆಂಪೇರಿತ್ತು. "ಅಂಗಾರೆ ನನ್ ಎರ್ಡೆಕ್ರೆ ಆಳ್ ಮಾಡಿದ್ದು ನೀನೇಯ ದೊಡ್ಡವ್ವ" ಎಂದ.

"ಊ ಕಣ್ಲಾ. ನನ್ನ ಬಯ್ಯಿ, ನಾಕ್ ಜನದ್ ಮುಂದೆ ಬಯ್ಯಿ, ತಲೆ ಬಗ್ಸ್ಕಂಡು ನಿಂತ್ಕತೀನಿ. ತಪ್ಪು ನಂದು. ಬತ್ತದ್ದಲ್ಲ."

ನೋಡಿದಿರಾ, ಅವರೇ ಒಪ್ಪಿಕೊಂಡರು ಎಂದ ರಂಗರಾಜು. ಅವನ ದನಿಯಲ್ಲಿ ಹಬ್ಬ ಶುರುವಾಗಿತ್ತು. ಆಗ ಗದ್ದೆಯೊಳಗಿನಿಂದ ಕುಸುಮ ಕೆಸರು ಕಾಲಿನಲ್ಲೇ ಏರಿ ಬಂದಳು. ಅವಳ ಗುಂಪಿಗೆ ವರ್ಷದ ಅರ್ಧ ಕೆಲಸ ಕೊಡುತ್ತಿದ್ದವನು ರಂಗರಾಜು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಸಾ, ಕುಡ್ಲು ಮೊದ್ಲು ಬಿದ್ದಿದ್ದು ನೀವು ಟೆಂಪೋಲಿ ತಂದ ಪೈರಿನ್ ಮ್ಯಾಲೆ. ತುದಿ ಅರ್ಸಿಣ ಆಗದೆ ಅಂತ ನಾನೇ ತೋರಿಸ್ದೆ. ತುದಿ ಸವ್ರಾಕಿ, ಅರ್ಸಿಣನೂ ಓಯ್ತದೆ ಅಂದ್ರಿ. ಅದಾದ್ಮೇಲೆ ಪರ್ಮೇಸಣ್ಣನ್ದು. ಎಲ್ಲಾರ್ದೂ ಮುಗ್ದ್‌ಮ್ಯಾಲೆ ಕಡೇಗೆ ಅಮ್ಮಾರ್ದು. ತೊಳೀನೂ ಇಲ್ಲ."

ಅವಳು ಹೇಳಿದ್ದು ಇಷ್ಟೇ. ಹೇಳಿ, ರಂಗರಾಜುವಿನ ಕಣ್ಣು ತಪ್ಪಿಸದೆ ಅಲ್ಲೇ ನಿಂತಳು.

ಜನಕ್ಕೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಚನ್ನಾಜಮ್ಮನಿಗೂ. ತನ್ನ ಪೈರಿನ ಸರದಿ ಕಡೆಯದು ಎಂಬುದನ್ನು ಆಕೆ ಕುಡುಗೋಲಿನೊಂದಿಗೆ ಸೇರಿಸಿ ಯೋಚಿಸಿರಲಿಲ್ಲ. ಊರಿನ ಅಷ್ಟೂ ಗದ್ದೆಯ ದುಂಡಾಣು ಮೆತ್ತಿಕೊಂಡ ಕುಡುಗೋಲು ಕೊನೆಯ ಏಟು ಕೊಟ್ಟದ್ದು ಅತ್ತೆಬತ್ತಕ್ಕೆ. ಎಲ್ಲರಿಗಿಂತ ಹೆಚ್ಚು ರೋಗ ಉಂಡದ್ದು ಅದೇ. ಆಮೇಲೂ ಸುತ್ತಲಿನ ಗದ್ದೆಗಳಿಂದ ಮಳೆಗಾಳಿ ಹೊತ್ತು ತಂದದ್ದನ್ನೆಲ್ಲ ಉಂಡು, ಒಂದೊಂದು ಚುಕ್ಕೆಯಲ್ಲಿ ಒಂದೊಂದು ಕಣವನ್ನು ಸುಟ್ಟುಕೊಂಡು, ಉಳಿದ ಮೈಯನ್ನು ಹಸಿರಾಗಿ ಇಟ್ಟುಕೊಂಡು ನಿಂತಿತ್ತು. ಮೈಸೂರಿನ ಪ್ರಯೋಗಾಲಯದಲ್ಲಿ ಕತ್ತರಿಯಿಂದ ಮಾಡುವುದನ್ನು ಸತ್ತೇಗಾಲದಲ್ಲಿ ಕುಡುಗೋಲು ಮಾಡಿತ್ತು. ಫಲಿತಾಂಶ ಎಲ್ಲರ ಕಣ್ಣೆದುರು ಎದೆಯುದ್ದ ನಿಂತಿತ್ತು.

ಏನೇ ಆಗಲಿ, ನಾಳೆ ತಪಾಸಣೆಯವರು ಬಂದಾಗ ಈ ಚುಕ್ಕೆ ಕಾಣಬಾರದು, ಕಂಡರೆ ಯಾರ ಬೀಜವೂ ಪಾಸಾಗುವುದಿಲ್ಲ, ಟ್ರ್ಯಾಕ್ಟರ್ ಇಳಿಸು ಎಂದ ರಂಗರಾಜು. ಈ ಸಲ ಅವನ ದನಿ ಜನರ ಕಡೆಗಿರಲಿಲ್ಲ, ಪರಮೇಶನೊಬ್ಬನ ಕಡೆಗಿತ್ತು.

ಪರಮೇಶ ಬಾನೆಟ್ಟಿನ ಮೇಲಿದ್ದ ತನ್ನ ಗದ್ದೆಯ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನೀರನ್ನು ಏರಿಯ ಕಲ್ಲಿನ ಮೇಲೆ ಚೆಲ್ಲಿ, ನಾಲ್ಕೂ ಲೋಟಗಳನ್ನು ಒಂದರೊಳಗೊಂದು ಇಟ್ಟು ಕುಸುಮಳ ಕೈಗೆ ಕೊಟ್ಟ. ಟ್ರ್ಯಾಕ್ಟರ್ ಹತ್ತಿ ಕೂತು ಕೀಲಿ ತಿರುಗಿಸಿದ. ಇಂಜಿನ್ ಹೊಗೆ ಕಾರಿ ಎದ್ದಿತು.

ಚನ್ನಾಜಮ್ಮ ಕಾಲನ್ನು ಇನ್ನಷ್ಟು ಅಗಲಿಸಿ ನಿಂತಳು.

"ಪಕ್ಕುಕ್ ಬಾ ದೊಡ್ಡವ್ವ" ಎಂದು ಅವನು ಮೇಲಿನಿಂದ ಕೂಗಿದ.

"ಬರಕಿಲ್ಲ."

"ಗದ್ದೆಗ್ ಇಳ್ಸಾಕಲ್ಲ ಕಣವ್ವ. ತಿರ್ಗುಸ್ಕಂಡು ಮನೆಗ್ ಓಗಾಕೆ ಜಾಗ ಬ್ಯಾಡ್ವಾ?"

ಕೇಜ್‌ವೀಲು ತಿರುಗಬೇಕೆಂದರೆ ಒಂದು ಗಾಲಿ ಗದ್ದೆಯ ಬಾಯಿಗೆ ಇಳಿಯಬೇಕು. ಇಳಿದರೆ ಅಂಚಿನ ಎರಡು ಸಾಲು ಪೈರು ನೆಲಸಮ. ಚನ್ನಾಜಮ್ಮ ಹಿಂದಕ್ಕೆ ತಿರುಗಿ ಆ ಎರಡು ಸಾಲನ್ನು ನೋಡಿದಳು, ಗಾಲಿಯನ್ನು ನೋಡಿದಳು.

"ಇಂದಿಂದಕ್ಕೇ ಓಗು" ಎಂದಳು.

ನಾಲೆಯ ಏರಿಯ ಮೇಲೆ ಸೇತುವೆಯವರೆಗೆ ಎರಡು ಫರ್ಲಾಂಗು. ಅಷ್ಟು ದೂರವೂ ಪರಮೇಶ ಕತ್ತು ಹಿಂದಕ್ಕೆ ಹೊರಳಿಸಿ, ಬೈಯುತ್ತಾ, ಒಂದೊಂದೇ ಗೇಣು ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟ. ಅದಕ್ಕೆ ದಾರಿ ಕೊಡಲು ರಂಗರಾಜು ಬೈಕನ್ನು ಹಿಂದಕ್ಕೆ ತಳ್ಳಬೇಕಾಯಿತು. ಅವನ ಹಿಂದಿದ್ದ ಮಂದಿಯೂ ಹಿಂದೆ ಹಿಂದೆ ಸರಿದರು. ಚನ್ನಾಜಮ್ಮ ನಿಂತ ಜಾಗದಿಂದ ಒಂದು ಅಂಗುಲವೂ ಕದಲಲಿಲ್ಲ.